ಹೊಗೆ ಕರಗಿದ ಮೇಲೆ ಮಣ್ಣಿನಲ್ಲಿ ಏನಾಗುತ್ತದೆ? ಮಾಲಿನ್ಯ ನಿಯಂತ್ರಣ ಮಂಡಳಿಗೆ, ನಮ್ಮ ವಿಶ್ವವಿದ್ಯಾಲಯಗಳಿಗೆ ಕೊಪ್ಪಳದಿಂದ ಒಂದು ಬಹಿರಂಗ ಪತ್ರ

ಅಧ್ಯಕ್ಷರು ಮತ್ತು ಸದಸ್ಯ ಕಾರ್ಯದರ್ಶಿಗಳು,
ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಬೆಂಗಳೂರು ಇವರಿಗೆ;

ಹಾಗೂ ಬಳ್ಳಾರಿಯ ವಿಜಯನಗರ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯ, ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ, ಕೊಪ್ಪಳ ವಿಶ್ವವಿದ್ಯಾಲಯಗಳ ರಸಾಯನಶಾಸ್ತ್ರ ಮತ್ತು ಮಣ್ಣು ವಿಜ್ಞಾನದ ಪ್ರಾಧ್ಯಾಪಕರಿಗೆ.

ಮಾನ್ಯರೇ,

ನಾನು ಕೊಪ್ಪಳ ಜಿಲ್ಲೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವನು. ಕಾರ್ಖಾನೆಗಳು ಬೇಡ ಎನ್ನಲು ಈ ಪತ್ರ ಬರೆಯುತ್ತಿಲ್ಲ. ನನ್ನ ತರಗತಿಯಲ್ಲಿ ಕೂರುವ ಎಷ್ಟೋ ಮಕ್ಕಳ ಫೀಸು ಹುಟ್ಟುವುದೇ ಗಿಣಿಗೇರಿ, ಹಿರೇಬಗನಾಳ, ತೋರಣಗಲ್ಲಿನ ಪಾಳಿ ಕೆಲಸದಿಂದ. ಕಾರ್ಖಾನೆ ಬೇಕೋ ಬೇಡವೋ ಎಂಬ ವಾದ 2025ರ ಫೆಬ್ರವರಿಯ ಕೊಪ್ಪಳ ಬಂದ್‌ನಲ್ಲಿ ಬೀದಿಗೇ ಬಂದಿತು; ಅದು ತನ್ನ ದಾರಿಯಲ್ಲಿ ನಡೆಯಲಿ. ನನ್ನ ಬೇಡಿಕೆ ಸಣ್ಣದು, ಕೊಂಚ ತಾಂತ್ರಿಕವಾದದ್ದು. ಕಲ್ಲಿದ್ದಲನ್ನು ರಾತ್ರಿ ಹಗಲು ಸುಡುವ ಕೊಪ್ಪಳ, ಬಳ್ಳಾರಿ, ರಾಯಚೂರು ಈ ನಮ್ಮ ಮೂರು ಜಿಲ್ಲೆಗಳ ಗಾಳಿ, ಮಣ್ಣು, ಹೂಳಿನಲ್ಲಿ ಫ್ಲೂರೀನ್ ಎಂಬ ವಸ್ತುವನ್ನು ಅಳೆಯಿರಿ. ಅದೊಂದನ್ನೇ ಅಳೆದು ಕೈಬಿಡದೆ, ಅದು ಮುರಿದಾಗ ಹುಟ್ಟುವ ಫ್ಲೂರೆನೋನನ್ನೂ ಅಳೆಯಿರಿ. ಈಗಾಗಲೇ ಯಾರಾದರೂ ಅಳೆದಿದ್ದರೆ ಅದನ್ನು ಕನ್ನಡದಲ್ಲಿ ನಮ್ಮ ಮುಂದಿಡಿ. ಇಷ್ಟೇ. ಇಷ್ಟಕ್ಕೆ ಇಷ್ಟು ಉದ್ದದ ಪತ್ರ ಯಾಕೆ ಎನ್ನುವುದಕ್ಕೆ ಕಾರಣವಿದೆ.

ಮೊದಲು ಒಂದು ಗೊಂದಲ ಪಕ್ಕಕ್ಕಿಡುತ್ತೇನೆ. ಫ್ಲೂರೀನ್ ಎಂದಾಕ್ಷಣ ನಮ್ಮ ಕಡೆಯವರಿಗೆ ನೆನಪಾಗುವುದು ಕೊಳವೆಬಾವಿಯ ಫ್ಲೋರೈಡು, ಹಳದಿಗಟ್ಟಿದ ಹಲ್ಲು, ಬಗ್ಗಿದ ಕಾಲು. ಅದು ಬೇರೆ, ಇದು ಬೇರೆ. ಫ್ಲೋರೈಡು ನಮ್ಮ ನೆಲದಡಿಯ ಕಲ್ಲಿನಿಂದ ನೀರಿಗೆ ಬಂದದ್ದು. ಫ್ಲೂರೀನ್‌ನಲ್ಲಿ ಫ್ಲೋರಿನ್ ಅಂಶ ಲವಲೇಶವೂ ಇಲ್ಲ. ಹದಿಮೂರು ಇಂಗಾಲ, ಹತ್ತು ಜಲಜನಕ, ಅಷ್ಟೇ ಅದರ ಮೈ. ಎರಡು ಬೆಂಜೀನ್ ಉಂಗುರಗಳು, ನಡುವೆ ಅವೆರಡನ್ನೂ ಹಿಡಿದ ಐದು ಮೂಲೆಯ ಒಂದು ಉಂಗುರ. 1867ರಲ್ಲಿ ಫ್ರಾನ್ಸಿನ ಮಾರ್ಸೆಲಿನ್ ಬರ್ಥೆಲೊ ಇದನ್ನು ಕಲ್ಲಿದ್ದಲಿನ ಡಾಂಬರಿನಿಂದ ಬೇರ್ಪಡಿಸಿದಾಗ ಕಂಡ ನೇರಳೆ ಹೊಳಪಿನಿಂದ ಆ ಹೆಸರು ಬಂತು. ಬಿಳಿ ಹರಳು, 116 ಡಿಗ್ರಿಯಲ್ಲಿ ಕರಗುತ್ತದೆ, 295 ಡಿಗ್ರಿಯಲ್ಲಿ ಕುದಿಯುತ್ತದೆ. ನೀರಿನಲ್ಲಿ ಕರಗುವುದು ಲೀಟರಿಗೆ ಎರಡು ಮಿಲಿಗ್ರಾಂಗೂ ಕಡಿಮೆ. ಎಣ್ಣೆ, ಕೊಬ್ಬು, ಮಣ್ಣಿನ ಸಾವಯವ ಅಂಶ ಸಿಕ್ಕರೆ ಅಲ್ಲಿಯೇ ಬೀಡುಬಿಡುತ್ತದೆ.

ಇದು ಪಾಲಿಸೈಕ್ಲಿಕ್ ಆರೋಮ್ಯಾಟಿಕ್ ಹೈಡ್ರೋಕಾರ್ಬನ್ ಎಂಬ ದೊಡ್ಡ ಕುಟುಂಬಕ್ಕೆ ಸೇರಿದ್ದು. ಮುಂದೆ ಪಿಎಎಚ್ ಎಂದೇ ಬರೆಯುತ್ತೇನೆ. ಇಂಗಾಲವಿರುವ ಯಾವುದೇ ವಸ್ತು ಸಾಕಷ್ಟು ಆಮ್ಲಜನಕವಿಲ್ಲದೆ ಬೆಂದರೆ ಈ ಕುಟುಂಬ ಹುಟ್ಟುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಆದ್ಯತೆಯ ಮೇಲೆ ಅಳೆಯಬೇಕಾದ 16 ಪಿಎಎಚ್‌ಗಳ ಪಟ್ಟಿ ಮಾಡಿದೆ. ಅದರಲ್ಲಿ ಫ್ಲೂರೀನ್ ಒಂದು.

ನಮ್ಮಲ್ಲಿ ಇದು ಎಲ್ಲಿಂದ ಬರಬಹುದು? ಮೊದಲು ನೋಡಬೇಕಾದ್ದು ಕೋಕ್ ಓವನ್. ಉಕ್ಕು ತಯಾರಿಸಲು ಬೇಕಾದ ಕೋಕನ್ನು ಪಡೆಯಲು ಕಲ್ಲಿದ್ದಲನ್ನು ಗಾಳಿ ಸೋಕದಂತೆ 1000 ಡಿಗ್ರಿಗೂ ಮೇಲೆ ತಾಸುಗಟ್ಟಲೆ ಬೇಯಿಸುತ್ತಾರೆ. ಆಗ ಹೊರಡುವ ಅನಿಲದಲ್ಲಿ ಡಾಂಬರಿರುತ್ತದೆ, ಡಾಂಬರಿನಲ್ಲಿ ಫ್ಲೂರೀನ್ ಇರುತ್ತದೆ. ಅದನ್ನೆಲ್ಲ ಹಿಡಿದಿಡುವ ವ್ಯವಸ್ಥೆ ಓವನ್‌ಗಳಿಗೆ ಇರುತ್ತದೆ ನಿಜ. ಆದರೆ ಕಲ್ಲಿದ್ದಲು ತುಂಬುವಾಗ, ಬೆಂದ ಕೋಕನ್ನು ಹೊರದಬ್ಬುವಾಗ, ಬಾಗಿಲಿನ ಸಂದು ಬಿಟ್ಟಾಗ ಒಂದಷ್ಟು ಗಾಳಿಗೆ ಹೋಗೇ ಹೋಗುತ್ತದೆ. ಇದು ಜಗತ್ತಿನ ಎಲ್ಲ ಕೋಕ್ ಓವನ್‌ಗಳ ಕತೆ. ಎರಡನೆಯದು ಸ್ಪಾಂಜ್ ಐರನ್ ಘಟಕಗಳು. ಅಲ್ಲಿ ಕಿಲ್ನ್ ಎಂಬ ತಿರುಗುವ ಕೊಳವೆಯೊಳಗೆ ಅದಿರು, ಕಲ್ಲಿದ್ದಲು ಜೊತೆಗೇ ಬೇಯುತ್ತವೆ. ಹೊರಬರುವ ಅನಿಲವನ್ನು ಮತ್ತೊಮ್ಮೆ ಪೂರ್ತಿ ಸುಟ್ಟು, ಬೂದಿ ಹಿಡಿಯುವ ಯಂತ್ರದ ಮೂಲಕವೇ ಬಿಡಬೇಕು. ಆ ಯಂತ್ರ ಕೆಟ್ಟು ನಿಂತು ತುರ್ತು ಚಿಮಣಿಯ ಮುಚ್ಚಳ ತೆರೆದರೆ ಅರೆಬೆಂದ ಹೊಗೆ ನೇರ ಆಕಾಶಕ್ಕೆ. ಕುಡತಿನಿ, ಶಕ್ತಿನಗರ, ಯರಮರಸ್‌ನ ವಿದ್ಯುತ್ ಸ್ಥಾವರಗಳನ್ನು ನಾನು ಈ ಪಟ್ಟಿಯಲ್ಲಿ ಕೆಳಗಿಡುತ್ತೇನೆ. ಅವು ಸುಡುವ ಕಲ್ಲಿದ್ದಲಿನ ರಾಶಿ ದೊಡ್ಡದಾದರೂ ಪುಡಿ ಮಾಡಿ, ಧಾರಾಳ ಗಾಳಿಯಲ್ಲಿ, ಜೋರು ಉರಿಯಲ್ಲಿ ಸುಡುವುದರಿಂದ ಕಲ್ಲಿದ್ದಲಿನ ತೂಕಕ್ಕೆ ಹೋಲಿಸಿದರೆ ಪಿಎಎಚ್ ಕಡಿಮೆ ಹುಟ್ಟುತ್ತದೆ. ಅಲ್ಲಿನ ಮುಖ್ಯ ತಕರಾರು ಬೂದಿ.

ಬರೀ ಕಾರ್ಖಾನೆಯ ಕಡೆ ಬೆರಳು ತೋರಿಸಿದರೆ ಅನ್ಯಾಯ. ಅದಿರಿನ ಲಾರಿಗಳ ಡೀಸೆಲ್ ಹೊಗೆಯಲ್ಲಿ ಫ್ಲೂರೀನ್ ಇದೆ. ಗಂಗಾವತಿ, ಕಾರಟಗಿ, ಸಿಂಧನೂರಿನ ಕಡೆ ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆಯಲ್ಲೇ ಹುಲ್ಲಿಗೆ ಬೆಂಕಿ ಇಡುತ್ತಾರಲ್ಲ, ಅದರಲ್ಲಿಯೂ ಇದೆ. ಹತ್ತಿಕಟ್ಟಿಗೆ ಉರಿಸುವ ಒಲೆಯ ಮುಂದೆ ಕೂತ ಅವ್ವಂದಿರ ಉಸಿರಿನಲ್ಲಿಯೂ ಇದೆ. ಯಾವುದರಿಂದ ಎಷ್ಟು ಎಂದು ಊಹೆಯ ಮೇಲೆ ಹೇಳಬೇಕಿಲ್ಲ. ಪಿಎಎಚ್‌ಗಳು ಒಂದಕ್ಕೊಂದು ಯಾವ ಪ್ರಮಾಣದಲ್ಲಿವೆ ಎಂಬುದೇ ಬೆಂಕಿಯ ಗುರುತು ಹೇಳುತ್ತದೆ. ಫ್ಲೂರೀನ್‌ನ್ನು ಪೈರೀನ್ ಎಂಬ ಮತ್ತೊಂದು ಪಿಎಎಚ್‌ನ ಜೊತೆ ತೂಗಿ ನೋಡಿದರೆ ಪೆಟ್ರೋಲ್ ಹೊಗೆಯೋ ಡೀಸೆಲ್ ಹೊಗೆಯೋ ಎಂಬ ಸುಳಿವು ಸಿಗುತ್ತದೆ. ಫ್ಲೂರಾಂಥೀನ್ ಎಂಬ ಇನ್ನೊಂದನ್ನು ಅದೇ ಪೈರೀನ್‌ನ ಜೊತೆ ತೂಗಿದರೆ ಎಣ್ಣೆಯೋ, ಕಟ್ಟಿಗೆ-ಕಲ್ಲಿದ್ದಲೋ ಎಂಬುದು. ಈ ಲೆಕ್ಕದಲ್ಲಿ ಎಡವುವ ಜಾಗಗಳಿವೆ, ಪ್ರಾಧ್ಯಾಪಕರಿಗೆ ಅದು ಗೊತ್ತಿದೆ. ಆದರೂ ‘ನಮ್ಮ ಹೊಗಿ ಅಲ್ಲ, ಅದು ರೈತರ ಹೊಗಿ’ ಎಂದು ಒಬ್ಬರು, ‘ಎಲ್ಲಾ ಫ್ಯಾಕ್ಟರಿದೇ’ ಎಂದು ಇನ್ನೊಬ್ಬರು ಸಭೆಗಳಲ್ಲಿ ಕೂಗಾಡುವುದಕ್ಕಿಂತ ಅದು ಎಷ್ಟೋ ವಾಸಿ.

ಈಗ ಈ ವಸ್ತುವಿನ ಇನ್ನೊಂದು ಮುಖ. ಪಾಠ ಮಾಡುವವನಿಗೆ ಇಲ್ಲಿ ಮಾತು ಹೆಚ್ಚಾಗುತ್ತದೆ, ಸಹಿಸಿಕೊಳ್ಳಿ.

ನಮ್ಮಲ್ಲಿ ಹೊಗೆಯಾಗಿ ಹೋಗುವ ಇದೇ ಫ್ಲೂರೀನ್‌ನ್ನು ಡಾಂಬರಿನಿಂದ ಬಟ್ಟಿ ಇಳಿಸಿ, ಶುದ್ಧ ಮಾಡಿ, ಪ್ರಪಂಚದ ಪ್ರಯೋಗಾಲಯಗಳಿಗೆ ಮಾರುತ್ತಾರೆ. ಅದರ ಬೆಲೆಯೆಲ್ಲ ಇರುವುದು ಒಂದು ಜಾಗದಲ್ಲಿ: ಎರಡು ಬೆಂಜೀನ್ ಉಂಗುರಗಳ ನಡುವೆ ಸಿಕ್ಕಿಕೊಂಡ ಒಂಬತ್ತನೆಯ ಇಂಗಾಲ. ಅದರ ಮೇಲಿರುವ ಎರಡು ಜಲಜನಕಗಳ ಹಿಡಿತ ಸಡಿಲ. ಬೇಕಾದ ಗುಂಪನ್ನು ಅಲ್ಲಿ ತಂದು ಕೂರಿಸಬಹುದು. ಹಾಗೆ ಉದ್ದನೆಯ ಇಂಗಾಲದ ಬಾಲಗಳನ್ನು ಅಲ್ಲಿ ಜೋಡಿಸಿ, ಫ್ಲೂರೀನ್‌ಗಳನ್ನು ಸರಪಳಿಯಾಗಿ ಹೆಣೆದರೆ ಪಾಲಿಫ್ಲೂರೀನ್. ವಿದ್ಯುತ್ ಹರಿಸಿದರೆ ನೀಲಿ ಬೆಳಕು ಕೊಡುವ ಪ್ಲಾಸ್ಟಿಕ್. ಮೊಬೈಲ್ ಪರದೆಗಳ ಓಎಲ್‌ಇಡಿ ಸಂಶೋಧನೆಯಲ್ಲಿ ನೀಲಿ ಯಾವತ್ತೂ ಕಷ್ಟದ ಬಣ್ಣ, ಆದ್ದರಿಂದಲೇ ಈ ವಸ್ತುವಿನ ಹಿಂದೆ ಅಷ್ಟು ಜನ ಬಿದ್ದರು. ಎರಡು ಫ್ಲೂರೀನ್‌ಗಳನ್ನು ಅದೇ ಇಂಗಾಲದಲ್ಲಿ ಅಡ್ಡಡ್ಡ ಬೆಸೆದು ಮಾಡಿದ ಸ್ಪೈರೋ-ಓಮಿಟ್ಯಾಡ್ ಎಂಬ ವಸ್ತು ಪೆರೋವ್‌ಸ್ಕೈಟ್ ಸೌರಕೋಶಗಳಲ್ಲಿ ವಿದ್ಯುತ್ತನ್ನು ಸಾಗಿಸುವ ಪದರ. ಒಂಬತ್ತನೆಯ ಇಂಗಾಲಕ್ಕೆ ಎರಡು ಫೀನಾಲ್ ಸೇರಿಸಿದರೆ ಸಿಗುವ ಬಿಸ್‌ಫೀನಾಲ್‌ನಿಂದ ಮೊಬೈಲ್ ಕ್ಯಾಮೆರಾದ ಲೆನ್ಸಿಗೆ ಬೇಕಾದ, ಬೆಳಕನ್ನು ಚೆನ್ನಾಗಿ ಬಗ್ಗಿಸುವ ರಾಳ ತಯಾರಾಗುತ್ತದೆ. ಪೆಪ್ಟೈಡ್ ಔಷಧಗಳನ್ನು ಅಮೈನೋ ಆಮ್ಲ ಒಂದೊಂದಾಗಿ ಪೋಣಿಸಿ ಮಾಡುವಾಗ, ಬೇಡದ ಕಡೆ ಕೊಂಡಿ ಕೂಡದಂತೆ ತಾತ್ಕಾಲಿಕವಾಗಿ ತೊಡಿಸುವ ಎಫ್‌ಮಾಕ್ ಎಂಬ ಟೋಪಿಯೂ ಫ್ಲೂರೀನ್‌ನದೇ. ಲೂಯಿ ಕಾರ್ಪಿನೋ 1970ರಲ್ಲಿ ಅದನ್ನು ಮುಂದಿಟ್ಟರು.

ಮಲೇರಿಯಾದ ಗುಳಿಗೆಯನ್ನೂ ಹೇಳಲೇಬೇಕು. ಆರ್ಟಿಮೆಥರ್ ಜೊತೆ ಕೊಡುವ ಲ್ಯೂಮಿಫ್ಯಾಂಟ್ರಿನ್ ಇದೆಯಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿರುವುದು, ಅದರ ಎಲುಬುಗೂಡು ಫ್ಲೂರೀನ್. 1970ರ ದಶಕದಲ್ಲಿ ಚೀನಾದ ವಿಜ್ಞಾನಿಗಳು ಕಂಡುಹಿಡಿದದ್ದು. ಕಾಲುವೆ ನೀರು ನಿಂತಲ್ಲೆಲ್ಲ ಸೊಳ್ಳೆಯ ಕಾಟ ಕಂಡ ರಾಯಚೂರು ಸೀಮೆಯವರು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾರರು.

ಅದೇ ಎಲುಬುಗೂಡಿಗೆ ಬೇರೆ ಬಾಲ ಸಿಕ್ಕರೆ ಕತೆ ಬೇರೆಯಾಗುತ್ತದೆ. 2-ಅಸಿಟೈಲಮೈನೋಫ್ಲೂರೀನ್ ಎಂಬುದನ್ನು ಕೀಟನಾಶಕವಾಗಿ ತರುವ ಆಲೋಚನೆ ಅಮೆರಿಕದಲ್ಲಿತ್ತು. ಮಾರುಕಟ್ಟೆಗೆ ಬಿಡುವ ಮೊದಲು ಇಲಿಗಳಿಗೆ ತಿನ್ನಿಸಿ ನೋಡಿದರು. 1941ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಇಲಿಗಳ ಒಂದಲ್ಲ, ಹಲವು ಅಂಗಗಳಲ್ಲಿ ಗಡ್ಡೆ. ಅದು ಹೊಲಕ್ಕೆ ಇಳಿಯಲೇ ಇಲ್ಲ. ಕ್ಯಾನ್ಸರ್ ಹೇಗೆ ಹುಟ್ಟುತ್ತದೆ ಎಂದು ಕಲಿಯಲು ಪ್ರಯೋಗಾಲಯದಲ್ಲೇ ಉಳಿಯಿತು. ಮಾರುವ ಮೊದಲು ಪರೀಕ್ಷೆ ಮಾಡಿದ್ದರಿಂದ ಎಷ್ಟು ಹೊಲಗಳು ಬಚಾವಾದವೋ! ಮೇಲೆ ಹೇಳಿದ ಫ್ಲೂರೀನ್ ಬಿಸ್‌ಫೀನಾಲ್‌ದೂ ಸ್ವಲ್ಪ ಅಂಥದೇ ಕತೆ. ಬಿಸ್‌ಫೀನಾಲ್ ಎ, ಅಂದರೆ ಬಿಪಿಎ, ಇಲ್ಲದ ಪ್ಲಾಸ್ಟಿಕ್ ಎಂದು ಹೆಮ್ಮೆಯಿಂದ ಮಾರುವ ಕೆಲವು ಸಾಮಾನುಗಳಲ್ಲಿ ಅದರ ಬದಲಿಗೆ ಇದು ಬಂತು. 2017ರಲ್ಲಿ ಚೀನಾದ ಸಂಶೋಧಕರು ಇದು ಹೆಣ್ಣು ಇಲಿಗಳಲ್ಲಿ ಈಸ್ಟ್ರೋಜೆನ್‌ನ ಕೆಲಸಕ್ಕೆ ಅಡ್ಡ ಬರುತ್ತದೆ, ಕೆಲವು ನೀರಿನ ಬಾಟಲಿಗಳಿಂದ ನೀರಿಗೂ ಇಳಿಯುತ್ತದೆ ಎಂದು ತೋರಿಸಿದರು.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ‘ಫ್ಲೂರೀನ್‌ನಿಂದ ಅಪಾಯವಿಲ್ಲ’ ಎಂಬ ಉತ್ತರ ನಿಮ್ಮ ಕಡೆಯಿಂದ ಬರಬಹುದೆಂದು ನನಗೆ ಗೊತ್ತು. ಆ ಉತ್ತರ ಪೂರ್ತಿ ಸುಳ್ಳೂ ಅಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫ್ಲೂರೀನ್‌ನ್ನು ಮೂರನೆಯ ಗುಂಪಿನಲ್ಲಿಟ್ಟಿದೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎನ್ನಲು ಸಾಕ್ಷ್ಯ ಸಾಲದು. ಅದೇ ಸಂಸ್ಥೆ ಇದೇ ಕುಟುಂಬದ ಬೆಂಜೋಪೈರೀನ್‌ನ್ನೂ, ಕೋಕ್ ತಯಾರಿಕೆಯ ಕೆಲಸವನ್ನೂ ಒಂದನೆಯ ಗುಂಪಿನಲ್ಲಿಟ್ಟಿದೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ. ಹೊಗೆಯಲ್ಲಿ ಇವೆಲ್ಲ ಒಟ್ಟಿಗೇ ಬರುತ್ತವೆ, ಒಂದನ್ನು ಆರಿಸಿ ಉಸಿರಾಡುವ ಸೌಕರ್ಯ ಯಾರಿಗೂ ಇಲ್ಲ. ಇನ್ನು ಬಾಯಿಂದ ಹೊಟ್ಟೆಗೆ ಹೋಗುವ ಫ್ಲೂರೀನ್‌ಗೆ, ಇಲಿಗಳಲ್ಲಿ ಕೆಂಪು ರಕ್ತಕಣ ಕಡಿಮೆಯಾದದ್ದನ್ನು ನೋಡಿ, ಅಮೆರಿಕದ ಪರಿಸರ ಸಂಸ್ಥೆ ದಿನಕ್ಕೆ ದೇಹತೂಕದ ಕಿಲೋಗೆ 0.04 ಮಿಲಿಗ್ರಾಂ ಎಂಬ ಮಿತಿ ಹೇಳಿದೆ. ನಾನು ಜನರನ್ನು ಹೆದರಿಸಲು ಹೊರಟಿಲ್ಲ. ಫ್ಲೂರೀನ್ ನನಗೆ ಬೇಕಾದದ್ದು ಮುಖ್ಯವಾಗಿ ಸಾಕ್ಷಿಯಾಗಿ: ಹೊಗೆ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಹೋದಲ್ಲಿ ಏನಾಯಿತು ಎಂದು ಹೇಳುವ ಸಾಕ್ಷಿ.

ಏನಾಗುತ್ತದೆ? ಇಲ್ಲಿಯೂ ಅದೇ ಒಂಬತ್ತನೆಯ ಇಂಗಾಲ. ಅಲ್ಲಿ ಆಮ್ಲಜನಕ ಬಂದು ಕೂತರೆ ಮೊದಲು ಫ್ಲೂರೆನಾಲ್, ಆಮೇಲೆ ಫ್ಲೂರೆನೋನ್. ಎಂಎಸ್ಸಿ ಲ್ಯಾಬಿನಲ್ಲಿ ಕಾಲಂ ಹಾಕಿ ಫ್ಲೂರೀನ್, ಫ್ಲೂರೆನೋನ್ ಎರಡನ್ನು ಬೇರ್ಪಡಿಸುವ ಪ್ರಯೋಗ ಎಷ್ಟೋ ಜನ ಮಾಡಿರುತ್ತಾರೆ. ಫ್ಲೂರೀನ್ ಬಣ್ಣವಿಲ್ಲದೆ ಮುಂದೆ ಜಾರುತ್ತದೆ, ಫ್ಲೂರೆನೋನ್ ಅಚ್ಚ ಹಳದಿ ಪಟ್ಟಿಯಾಗಿ ಹಿಂದೆ ನಿಲ್ಲುತ್ತದೆ. ಪಾಲಿಫ್ಲೂರೀನ್‌ನ ನೀಲಿ ಬೆಳಕು ಕೆಲಕಾಲದ ಮೇಲೆ ಹಸಿರಿಗೆ ತಿರುಗುವ ಕಾಯಿಲೆಗೂ ಮುಖ್ಯ ಕಾರಣ ಇದೇ: ಸರಪಳಿಯಲ್ಲಿ ಅಲ್ಲಲ್ಲಿ ಫ್ಲೂರೆನೋನ್ ಹುಟ್ಟಿಕೊಳ್ಳುವುದು. ಗಾಳಿಯಲ್ಲಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಚುರುಕು ಕಣಗಳು ಫ್ಲೂರೀನ್‌ನ್ನು ಒಂದೆರಡು ದಿನದೊಳಗೆ ಮುರಿಯಬಲ್ಲವು, ಹುಟ್ಟುವುದರಲ್ಲಿ ಫ್ಲೂರೆನೋನೂ ಸೇರಿದೆ. ಮಣ್ಣಿನಲ್ಲಿ ಆ ಕೆಲಸ ಬ್ಯಾಕ್ಟೀರಿಯಾಗಳದು.

ಬ್ಯಾಕ್ಟೀರಿಯಾಗಳ ಈ ಕೆಲಸ ನೋಡುವುದಕ್ಕೇ ಚಂದ. ಆರ್ತ್ರೋಬ್ಯಾಕ್ಟರ್, ಸ್ಫಿಂಗೋಮೋನಾಸ್, ರೋಡೋಕಾಕಸ್, ಟೆರಾಬ್ಯಾಕ್ಟರ್ ಮುಂತಾದ ಕುಲಗಳಲ್ಲಿ ಫ್ಲೂರೀನ್‌ನ್ನೇ ಊಟ ಮಾಡಿ ಬದುಕುವ ತಳಿಗಳಿವೆ. ಅವು ಹಿಡಿಯುವ ದಾರಿಗಳು ಬೇರೆ ಬೇರೆ. ಕೆಲವು ಬೆಂಜೀನ್ ಉಂಗುರದ ಮೂಲೆಯಿಂದಲೇ ಬಿಚ್ಚುತ್ತ ಹೋಗಿ ಇಂಡನೋನ್ ಎಂಬಲ್ಲಿಗೆ ಮುಟ್ಟುತ್ತವೆ. ಇನ್ನು ಕೆಲವು ಒಂಬತ್ತನೆಯ ಇಂಗಾಲದಿಂದ ಹೊರಟು ಫ್ಲೂರೆನೋನ್ ಮಾಡಿ, ಅದರ ನಡು ಉಂಗುರವನ್ನು ಒಡೆದು, ಥ್ಯಾಲಿಕ್ ಆಮ್ಲವಾಗಿಸಿ, ಕೊನೆಗೆ ತಮ್ಮ ಮಾಮೂಲು ಅಡಿಗೆಯೊಳಗೆ ಸೇರಿಸಿಕೊಂಡು ಇಂಗಾಲದ ಡೈಆಕ್ಸೈಡು, ನೀರು ಮಾಡಿಬಿಡುತ್ತವೆ. ಅಲ್ಲಿಗೆ ಕೆಲಸ ಪೂರ್ತಿ. ಆದರೆ ನಡು ಉಂಗುರ ಒಡೆಯುವ ಕಿಣ್ವ ಎಲ್ಲ ತಳಿಗಳಲ್ಲಿ ಇರುವುದಿಲ್ಲ. ಅದಿಲ್ಲದವು ಫ್ಲೂರೆನೋನ್‌ವರೆಗೆ ತಂದು ಕೈಚೆಲ್ಲಿ ಕೂರುತ್ತವೆ. ಆಗ ಪ್ರಯೋಗಾಲಯದ ವರದಿ ‘ಫ್ಲೂರೀನ್ ಕಡಿಮೆಯಾಗಿದೆ’ ಎನ್ನುತ್ತದೆ. ಮಾತು ನಿಜ. ಮಣ್ಣು ಮಾತ್ರ ಶುದ್ಧವಾಗಿಲ್ಲ. ಫ್ಲೂರೆನೋನ್ ನೀರಿನಲ್ಲಿ ಫ್ಲೂರೀನ್‌ಗಿಂತ ಚೆನ್ನಾಗಿ ಕರಗುತ್ತದೆ, ಆದ್ದರಿಂದ ಮಣ್ಣಿನಿಂದ ನೀರಿಗೆ ಇಳಿಯುವ ದಾರಿಯೂ ಅದಕ್ಕೆ ಸಲೀಸು. ಆ 16ರ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಪಟ್ಟಿ ಹಿಡಿದು ಹೋದವರು ಹುಡುಕುವುದಿಲ್ಲ. ಅದಕ್ಕೇ ಮೊದಲಿಗೇ ಹೇಳಿದ್ದು, ಎರಡನ್ನೂ ಅಳೆಯಿರಿ ಎಂದು.

ಕೈಪಿಡಿಗಳಲ್ಲಿ ಮಣ್ಣಿನ ಫ್ಲೂರೀನ್ ಅರ್ಧಕ್ಕಿಳಿಯಲು ಒಂದೆರಡು ತಿಂಗಳು ಸಾಕು ಎಂದು ಬರೆದಿರುತ್ತದೆ. ಅದನ್ನು ಹಾಗೇ ಎತ್ತಿ ನಮ್ಮ ಎರೆ ಭೂಮಿಗೆ ಹಾಕಬೇಡಿ. ನಮ್ಮ ಎರೆ ಮಣ್ಣು ಕ್ಷಾರದ ಕಡೆ ವಾಲಿದ್ದು, ಜೇಡಿ ಹೆಚ್ಚು, ಸಾವಯವ ಇಂಗಾಲ ಕಡಿಮೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ, ಬಿಸಿಲು 40 ಡಿಗ್ರಿ ದಾಟುತ್ತದೆ, ಪಸೆ ಆರಿ ಬ್ಯಾಕ್ಟೀರಿಯಾಗಳು ಮಲಗಿಬಿಡುತ್ತವೆ. ಫ್ಲೂರೀನ್‌ನಂಥ ಹಗುರ ಪಿಎಎಚ್ ಆ ಕಾವಿಗೆ ಮಣ್ಣಿನಿಂದ ಎದ್ದು ಮತ್ತೆ ಗಾಳಿಗೆ ಸೇರುವುದೂ ಉಂಟು. ಎಡದಂಡೆ ಕಾಲುವೆಯ ಭತ್ತದ ಗದ್ದೆಯಲ್ಲಿ ಇದರ ತದ್ವಿರುದ್ಧ: ತಿಂಗಳುಗಟ್ಟಲೆ ನಿಂತ ನೀರು, ಕೆಳಗೆ ಆಮ್ಲಜನಕವೇ ಇಲ್ಲದ ಕೆಸರು. ಮೇಲೆ ಹೇಳಿದ ಬ್ಯಾಕ್ಟೀರಿಯಾಗಳ ಮೊದಲ ಏಟಿಗೇ ಆಮ್ಲಜನಕ ಬೇಕು. ಹೀಗೆ ಒಂದೇ ತಾಲ್ಲೂಕಿನ ಮಸಾರಿ ಹೊಲ, ಎರೆ ಹೊಲ, ಭತ್ತದ ಗದ್ದೆ ಮೂರರಲ್ಲಿ ಮೂರು ಲೆಕ್ಕ ಬರಬಹುದು. ಮಣ್ಣು ವಿಜ್ಞಾನದ ಪಿಎಚ್‌ಡಿ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ವಿಷಯ ನಾನು ಕಾಣೆ.

ತುಂಗಭದ್ರೆಯ ಹೂಳನ್ನೂ ಇದರ ಜೊತೆ ನೋಡಬೇಕು. 133 ಟಿಎಂಸಿಗೆ ಕಟ್ಟಿದ ಜಲಾಶಯ ಹೂಳು ತುಂಬಿ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋದಾಗ ನೀರು ಹೋಯಿತೆಂದು ಎಲ್ಲರೂ ಸಂಕಟಪಟ್ಟೆವು. ಹೂಳಿಗಾಗಿ ಹೋದ ಜಾಗವೂ ಸಣ್ಣದಲ್ಲ. ಬೇಸಿಗೆಯಲ್ಲಿ ನೀರು ಸರಿದಾಗ ರೈತರು ಟ್ರ್ಯಾಕ್ಟರಿನಲ್ಲಿ ಆ ಗೋಡು ತಂದು ಹೊಲಕ್ಕೆ ಹಾಕುತ್ತಾರೆ. ಒಳ್ಳೆಯದೇ, ಬೆಳೆ ಚೆನ್ನಾಗಿ ಬರುತ್ತದೆ. ಆದರೆ ಪಿಎಎಚ್‌ಗಳು ನೀರಿನಲ್ಲಿ ತೇಲುವುದಕ್ಕಿಂತ ಹೂಳಿನ ಕಣಕ್ಕೆ ಅಂಟಿ ತಳ ಸೇರುವುದೇ ಹೆಚ್ಚು. ಹೂಳೆತ್ತುವ ದೊಡ್ಡ ಯೋಜನೆಗಳ ಮಾತು ಆಗಾಗ ಕೇಳಿಬರುತ್ತದೆ. ಎತ್ತುವ ಮೊದಲು ಹೂಳಿನಲ್ಲಿ ಏನಿದೆ ಎಂದು ನೋಡಿ. ಏನೂ ಇಲ್ಲದಿದ್ದರೆ ಇನ್ನೂ ಒಳ್ಳೆಯದು, ರೈತರಿಗೆ ಧೈರ್ಯವಾಗಿ ಹೇಳಬಹುದು.

ಈಗ ಅಳತೆಯ ವಿಚಾರ. ಮಂಡಳಿಯವರೊಂದಿಗೆ ನನ್ನ ಜಗಳ ಇದ್ದರೆ ಇಲ್ಲಿಯೇ. ಅಲ್ಲಾನಗರದ ಕಡೆಯ ಹುಡುಗಿಯೊಬ್ಬಳು ತರಗತಿಯಲ್ಲಿ ಕೇಳಿದಳು: ‘ಸರ್, ಮಾಳಗಿ ಮ್ಯಾಲೆ ಒಣಗ್ಸಿದ ಶಾವಗಿ ಮ್ಯಾಲೆ ಕರೀ ಮಸಿ ಕುಂದರ್ತೈತ್ರಿ. ಅದನ್ನ ನಮ್ಮವ್ವ ಝಾಡಿಸಿ ತಗೀತಾಳ. ಕಣ್ಣಿಗೆ ಕಾಣದಂಥಾದ್ದು ಏನರ ಉಳದಿರ್ತೈತೇನ್ರಿ?’ ರಸಾಯನಶಾಸ್ತ್ರದ ಎಲ್ಲ ಪ್ರಶ್ನೆಪತ್ರಿಕೆಗಳಿಗಿಂತ ಒಳ್ಳೆಯ ಪ್ರಶ್ನೆ. ನಮ್ಮ 2009ರ ರಾಷ್ಟ್ರೀಯ ವಾಯು ಗುಣಮಟ್ಟದ ಮಾನದಂಡದಲ್ಲಿ 12 ಮಾಲಿನ್ಯಕಾರಕಗಳಿವೆ. ಅದರಲ್ಲಿ ಪಿಎಎಚ್ ಕುಟುಂಬದಿಂದ ಒಂದೇ ಒಂದು: ಬೆಂಜೋಪೈರೀನ್. ವರ್ಷದ ಸರಾಸರಿ ಘನ ಮೀಟರ್ ಗಾಳಿಗೆ 1 ನ್ಯಾನೋಗ್ರಾಂ ದಾಟಬಾರದು, ಅದೂ ದೂಳಿನ ಕಣದ ಮೇಲಿರುವುದು ಮಾತ್ರ ಲೆಕ್ಕಕ್ಕೆ. ಬೆಂಜೋಪೈರೀನ್ ಭಾರವಾದದ್ದು, ದೂಳಿಗೆ ಅಂಟಿಕೊಂಡಿರುತ್ತದೆ, ಫಿಲ್ಟರ್ ಕಾಗದದ ಮೇಲೆ ಸಿಗುತ್ತದೆ. ಫ್ಲೂರೀನ್ ಹಗುರ, ನಮ್ಮ ಬಿಸಿಲಿನಲ್ಲಿ ಬಹುಪಾಲು ಆವಿಯಾಗಿಯೇ ಇರುತ್ತದೆ. ಅದನ್ನು ದೂಳಿನ ಫಿಲ್ಟರಿನಲ್ಲಿ ಹಿಡಿಯಹೋಗುವುದು ಜರಡಿಯಲ್ಲಿ ನೀರು ಹಿಡಿದಂತೆ. ಫಿಲ್ಟರಿನ ಹಿಂದೆ ಆವಿಯನ್ನು ಹೀರಿಕೊಳ್ಳುವ ಪಾಲಿಯುರೆಥೇನ್ ಫೋಮ್ ಅಥವಾ ಎಕ್ಸ್‌ಎಡಿ ರಾಳ ಇಟ್ಟರೆ ಮಾತ್ರ ಸಿಕ್ಕುತ್ತದೆ. ಆದ್ದರಿಂದ ‘ಮಾನದಂಡದ ಒಳಗಿದೆ’ ಎಂದು ನೀವು ಬರೆದರೆ ಅದು ಹುಡುಗಿಯ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಕುಡಿಯುವ ನೀರಿನ ಮಾನದಂಡದಲ್ಲಿ, 2012ರ ಐಎಸ್ 10500ರಲ್ಲಿ, ಪಿಎಎಚ್‌ಗೆ ಲೀಟರಿಗೆ 0.0001 ಮಿಲಿಗ್ರಾಂ ಎಂಬ ಮಿತಿ ಇದೆ. ಹಳ್ಳಿಗಳ ಶುದ್ಧ ನೀರಿನ ಘಟಕದ ಮುಂದೆ ಬರೆದಿರುವ ಟಿಡಿಎಸ್, ಫ್ಲೋರೈಡುಗಳ ಪಕ್ಕದಲ್ಲಿ ಆ ಸಾಲನ್ನು ನಾನು ಎಲ್ಲಿಯೂ ಓದಿಲ್ಲ.

ದೊಡ್ಡ ಯಂತ್ರಗಳು, ಕೋಟಿಗಟ್ಟಲೆ ಯೋಜನೆ ಬೇಕಿಲ್ಲ. ಗಾಳಿಯ ಪಿಎಎಚ್ ಅಳೆಯಲು ಕರೆಂಟೇ ಬೇಡದ ಸಾಧನವಿದೆ: ಕೆಳಗೆ ಅಂಗಾತ ಒಂದು, ಅದರ ಮೇಲೆ ಬೋರಲು ಇನ್ನೊಂದು, ಹೀಗೆ ಎರಡು ಸ್ಟೀಲ್ ಬೋಗುಣಿ, ನಡುವೆ ಫೋಮಿನ ಒಂದು ಬಿಲ್ಲೆ. ಎರಡು ಮೂರು ತಿಂಗಳು ನೇತುಹಾಕಿ, ಇಳಿಸಿ, ಬಿಲ್ಲೆಯನ್ನು ದ್ರಾವಕದಲ್ಲಿ ತೊಳೆದು, ಬೆರೆತ ವಸ್ತುಗಳನ್ನು ಬೇರ್ಪಡಿಸಿ ಗುರುತಿಸುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್-ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಟ್ಟರೆ ಆಯಿತು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟನಾಶಕದ ಉಳಿಕೆ ನೋಡುವ ಪ್ರಯೋಗಾಲಯವಿದೆ. ಕೀಟನಾಶಕಕ್ಕೆ ಬಳಸುವ ಯಂತ್ರ ಪಿಎಎಚ್‌ಗೂ ಆಗುತ್ತದೆ. ಗಿಣಿಗೇರಿ, ಕುಣಿಕೇರಿ, ತೋರಣಗಲ್ಲು, ಕುಡತಿನಿ, ಶಕ್ತಿನಗರ, ಹೋಲಿಕೆಗೆಂದು ಕುಷ್ಟಗಿಯಂಥ ದೂರದ ಒಂದು ಊರು, ಭತ್ತದ ಹೊಗೆಗೆ ಸಿಂಧನೂರು. ಒಂದು ವರ್ಷ ನೋಡಿದರೆ ಸುಗ್ಗಿ, ಬೇಸಿಗೆ, ಮಳೆಗಾಲ ಮೂರೂ ಸಿಕ್ಕುತ್ತವೆ.

ಓವನ್, ಕಿಲ್ನ್‌ಗಳ ಹತ್ತಿರ ಕೆಲಸ ಮಾಡುವ ಕಾರ್ಮಿಕರಲ್ಲಿ ಒಪ್ಪಿದವರ ಮೂತ್ರಪರೀಕ್ಷೆಯನ್ನು ನಮ್ಮ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಕೈಗೆತ್ತಿಕೊಳ್ಳಬೇಕು. ದೇಹ ಸೇರಿದ ಫ್ಲೂರೀನ್ ಹೈಡ್ರಾಕ್ಸಿಫ್ಲೂರೀನ್ ಆಗಿ ಮೂತ್ರದಲ್ಲಿ ಹೊರಬರುತ್ತದೆ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ಅದನ್ನು ವಾಡಿಕೆಯಾಗಿ ಅಳೆಯುತ್ತಾರೆ. ಒಂದೇ ಷರತ್ತು: ಹೆಸರು ಮಾಲೀಕರ ಕೈಗೆ ಹೋಗಬಾರದು. ಗುತ್ತಿಗೆ ಕಾರ್ಮಿಕನಿಗೆ ಪರೀಕ್ಷೆಯ ಫಲಿತಾಂಶಕ್ಕಿಂತ ನಾಳೆಯ ಗೇಟ್‌ಪಾಸಿನ ಹೆದರಿಕೆ ದೊಡ್ಡದು.

ವಿಶ್ವವಿದ್ಯಾಲಯದವರಿಗೆ ಇನ್ನೊಂದು ಕೆಲಸ ಇದೆ, ಇದು ನನಗೆ ಬಹಳ ಆಸೆಯದು. ನಾವು ಪಲ್ಯ ಮಾಡುವ ಚಿಪ್ಪಣಬೆ, ಅಂದರೆ ಪ್ಲೂರೋಟಸ್, ಕಟ್ಟಿಗೆಯ ಲಿಗ್ನಿನ್ ಒಡೆಯುವ ಕಿಣ್ವಗಳಿಂದ ಪಿಎಎಚ್‌ಗಳನ್ನೂ ಒಡೆಯುತ್ತದೆ. ಅದು ಬೆಳೆಯುವುದು ಭತ್ತದ ಹುಲ್ಲಿನ ಮೇಲೆ. ಗಂಗಾವತಿಯಲ್ಲಿ ಬೆಂಕಿಗೆ ಹೋಗುವ ಹುಲ್ಲಿನಲ್ಲಿ ಅಣಬೆ ಬೆಳೆದು, ಬೆಳೆ ಕೊಯ್ದ ಮೇಲೆ ಉಳಿಯುವ ಬುಟ್ಟಿಗಟ್ಟಲೆ ಹುಲ್ಲನ್ನು ಮಸಿ ಬಿದ್ದ ಮಣ್ಣಿಗೆ ಬೆರೆಸಿ ನೋಡಬಹುದು. ಮಣ್ಣಿಗೆ ಸಾವಯವ ಅಂಶವೂ ಸೇರುತ್ತದೆ, ಹುಲ್ಲಿನ ಹೊಗೆಯೂ ತಪ್ಪುತ್ತದೆ. ಆದರೆ ಎಚ್ಚರ: ಅಣಬೆಯೂ ಫ್ಲೂರೀನ್‌ನ್ನು ಫ್ಲೂರೆನಾಲ್, ಫ್ಲೂರೆನೋನ್ ಮಾಡುತ್ತದೆ ಎಂದು 1990ರ ದಶಕದ ಪ್ರಯೋಗಗಳೇ ತೋರಿಸಿವೆ. ಅಣಬೆ ತಂದು ನಿಲ್ಲಿಸಿದಲ್ಲಿಂದ ಮುಂದೆ ಒಯ್ಯಬಲ್ಲ ಬ್ಯಾಕ್ಟೀರಿಯಾ ನಮ್ಮ ಮಣ್ಣಿನಲ್ಲೇ ಇದೆಯೇ? ಇಷ್ಟು ವರ್ಷ ಇದೇ ಮಸಿಯಲ್ಲಿ, ಇದೇ ಬಿಸಿಲಿನಲ್ಲಿ ಬದುಕಿದ ತಳಿ ಸಿಕ್ಕರೆ ಅದು ತಂಪು ದೇಶದಿಂದ ತರಿಸಿದ ಯಾವ ತಳಿಗಿಂತಲೂ ನಮಗೆ ಬೇಕಾದದ್ದು. ಕಾರ್ಖಾನೆಯ ಗೋಡೆಯ ಬುಡದ ಮಣ್ಣಿನಲ್ಲಿ ಹುಡುಕಲು ಶುರುಮಾಡಿ. ಮತ್ತು ಯಾವುದೇ ಪ್ರಯೋಗದ ಮಣ್ಣನ್ನು ರೈತರ ಹೊಲಕ್ಕೆ ಹಾಕುವ ಮೊದಲು ಫ್ಲೂರೆನೋನ್ ಎಷ್ಟು ಉಳಿದಿದೆ ಎಂದು ಬರೆದು ತೋರಿಸಿ.

ಹಣದ ಮಾತು ಬಂದರೆ: ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯನ್ನು ಬಳಸುವ ನಿಯಮದಲ್ಲಿ ಪರಿಸರ ರಕ್ಷಣೆ, ಮಾಲಿನ್ಯ ನಿಯಂತ್ರಣ ಆದ್ಯತೆಯ ಬಾಬತ್ತು. ಸಂವಿಧಾನದ 371(ಜೆ) ಅಡಿ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ವ್ಯಾಪ್ತಿಗೆ ಮೂರೂ ಜಿಲ್ಲೆ ಬರುತ್ತವೆ. ಸಮುದಾಯ ಭವನದ ಕಾಂಪೌಂಡ್ ಗೋಡೆಗೆ ಸಿಗುವ ಮಂಜೂರಾತಿಯಲ್ಲಿ ಒಂದು ಪಾಲು ಇದಕ್ಕೆ ಸಾಕು.

ಫಲಿತಾಂಶ ಬಂದ ಮೇಲೆ ಅದು ಇಂಗ್ಲಿಷ್ ಪಿಡಿಎಫ್ ಆಗಿ ಬೆಂಗಳೂರಿನ ಕಪಾಟು ಸೇರಬಾರದು. ಹೊಸ ಕಾರ್ಖಾನೆಯ ಸಾರ್ವಜನಿಕ ಆಲಿಕೆಗೆ ಪರಿಸರ ವರದಿಯ ಸಾರಾಂಶವನ್ನು ಕನ್ನಡದಲ್ಲಿ ಕೊಡಬೇಕೆಂದು 2006ರ ಪರಿಸರ ಪರಿಣಾಮ ಅಧಿಸೂಚನೆಯೇ ಹೇಳುತ್ತದೆ. ಅಳತೆಯ ವರದಿಗೂ ಅದೇ ರೂಢಿ ಇರಲಿ: ಯಾವ ಊರು, ಯಾವ ತಿಂಗಳು, ಫ್ಲೂರೀನ್ ಎಷ್ಟು, ಫ್ಲೂರೆನೋನ್ ಎಷ್ಟು, ಉಳಿದ ಪಿಎಎಚ್ ಎಷ್ಟು, ಅಳೆದ ವಿಧಾನ ಯಾವುದು. ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸುವಂಥ ಒಂದು ಹಾಳೆ. ಅಂಕಿ ಕಡಿಮೆ ಬಂದರೆ ಅದನ್ನೂ ಅಂಟಿಸಿ. ನನ್ನ ವಿದ್ಯಾರ್ಥಿಗಳ ಮನೆಯವರು ನೆಮ್ಮದಿಯಿಂದ ಶಾವಿಗೆ ಒಣಗಿಸಲಿ.

ನಮ್ಮ ಕಾಲೇಜಿನ ತಾರಸಿಯಲ್ಲಿ ಬೋಗುಣಿ ತೂಗುಹಾಕಲು ಜಾಗವಿದೆ, ಕೋತಿಗಳಿಂದ ಕಾಯಲು ಮಕ್ಕಳಿದ್ದಾರೆ. ಗಾಳಿಯ ದಿಕ್ಕು, ಬಿಸಿಲು, ಮಳೆ ದಿನವೂ ಬರೆದಿಡುವ ಕೆಲಸವನ್ನು ಬಿಎಸ್ಸಿ ಕೊನೆಯ ವರ್ಷದವರ ಪ್ರಾಜೆಕ್ಟಾಗಿ ಮಾಡಿಸಲು ನಾನು ಸಿದ್ಧ, ಪ್ರಾಂಶುಪಾಲರ ಅನುಮತಿ ಪಡೆಯುವುದು ನನ್ನ ಹೊಣೆ. ಮುಂಗಾರು ಹಿಡಿಯುವ ಮೊದಲು ಮೊದಲ ಬಿಲ್ಲೆ ಏರಿದರೆ ಈ ವರ್ಷದ ಬೇಸಿಗೆಯ ಲೆಕ್ಕ ತಪ್ಪುವುದಿಲ್ಲ. ಉತ್ತರವನ್ನು ಕಾಲೇಜಿನ ವಿಳಾಸಕ್ಕೆ ಬರೆಯಬೇಕಿಲ್ಲ, ಪತ್ರಿಕೆಯಲ್ಲೇ ಬರೆಯಿರಿ, ಎಲ್ಲರೂ ಓದಲಿ.

ಇಂತಿ ತಮ್ಮ ವಿಶ್ವಾಸಿ,
ಕೊಪ್ಪಳ ಜಿಲ್ಲೆಯ ಒಬ್ಬ ರಸಾಯನಶಾಸ್ತ್ರ ಅಧ್ಯಾಪಕ